ಲಾರ್ಡ್ ಅಟ್ಕಿನ್: ಯುದ್ಧಕಾಲದ ಬಂಧನ ಮತ್ತು ಒಂದು ಪದಗುಚ್ಛದ ಅರ್ಥ

ಇಂಗ್ಲೆಂಡಿನ ನ್ಯಾಯಾಂಗದ ಇತಿಹಾಸದಲ್ಲಿ ಜೇಮ್ಸ್ ರಿಚರ್ಡ್ ಅಟ್ಕಿನ್ ಅವರ ಹೆಸರು ಸಾಮಾನ್ಯವಾಗಿ ನೆನಪಾಗುವುದು 1932ರ ಡೊನೊಹ್ಯೂ ಪ್ರಕರಣದಿಂದ. ಪಾನೀಯದ ಸೀಸೆಯಲ್ಲಿ ಬಸವನಹುಳುವಿತ್ತೆಂಬ ಆ ದೂರಿನಲ್ಲಿ ಅವರು ನೀಡಿದ ತೀರ್ಪು ತಯಾರಕನ ಹೊಣೆಯನ್ನು ಕುರಿತ ಕಾನೂನಿಗೆ ತಳಹದಿಯಾಯಿತು. ಆದರೆ ಅವರ ವ್ಯಕ್ತಿತ್ವದ ನಿಜವಾದ ಸತ್ವಪರೀಕ್ಷೆ ನಡೆದುದು ಒಂಬತ್ತು ವರ್ಷಗಳ ಅನಂತರ, ಅದೂ ಅವರು ಸೋತ ತೀರ್ಪೊಂದರಲ್ಲಿ.

ಅಟ್ಕಿನ್ ಜನಿಸಿದ್ದು 1867ರಲ್ಲಿ, ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ತಾಯಿಯ ತವರಾದ ವೇಲ್ಸ್‌ನಲ್ಲಿ ಬೆಳೆದರು. ಆಕ್ಸ್‌ಫರ್ಡಿನಲ್ಲಿ ಓದಿ 1891ರಲ್ಲಿ ವಕೀಲರಾದರು. 1913ರಲ್ಲಿ ನ್ಯಾಯಾಧೀಶರಾಗಿ, 1928ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಪೀಠವನ್ನೇರಿದರು. 1931ರಲ್ಲಿ ನೈಜೀರಿಯಾದ ಎಲೆಕೊ ಪ್ರಕರಣವು ಪ್ರಿವಿ ಕೌನ್ಸಿಲ್‌ನ ಮುಂದೆ ಬಂದಾಗ, ಕಾರ್ಯಾಂಗವು ಪ್ರಜೆಯ ಸ್ವಾತಂತ್ರ್ಯಕ್ಕೆ ಕೈಹಾಕಿದರೆ ಅದರ ನ್ಯಾಯಬದ್ಧತೆಯನ್ನು ನ್ಯಾಯಾಲಯದಲ್ಲಿ ಸಮರ್ಥಿಸಿಕೊಳ್ಳಲೇಬೇಕೆಂದು ಅವರು ಸ್ಪಷ್ಟಪಡಿಸಿದ್ದರು. ವಸಾಹತಿನ ಪ್ರಜೆಗೆ ಅನ್ವಯಿಸಿದ ತತ್ವವು ಲಂಡನ್ನಿನ ನಿವಾಸಿಗೆ ಅನ್ವಯಿಸುವುದೇ ಎಂಬ ಪ್ರಶ್ನೆ ಎದುರಾಗಲು ಹೆಚ್ಚು ಕಾಲ ಹಿಡಿಯಲಿಲ್ಲ.

ಎರಡನೆಯ ಮಹಾಯುದ್ಧ ಆರಂಭವಾದ 1939ರಲ್ಲಿ ಬ್ರಿಟಿಷ್ ಸರಕಾರವು ರಕ್ಷಣಾ ನಿಯಮಗಳ 18ಬಿ ವಿಧಿಯನ್ನು ಜಾರಿಗೆ ತಂದಿತು. ವಿಚಾರಣೆಯಿಲ್ಲದೆ ವ್ಯಕ್ತಿಯನ್ನು ಬಂಧನದಲ್ಲಿಡಲು ಗೃಹಸಚಿವನಿಗೆ ಮನವರಿಕೆಯಾದರೆ ಸಾಕೆಂದು ಅದರ ಮೊದಲ ರೂಪ ಹೇಳುತ್ತಿತ್ತು. ಪಾರ್ಲಿಮೆಂಟಿನಲ್ಲಿ ಇದಕ್ಕೆ ತೀವ್ರ ವಿರೋಧ ಬಂದುದರಿಂದ, ನಂಬಲು ಸಕಾರಣವಿದ್ದರೆ ಎಂಬ ಮಾತನ್ನು ಅಲ್ಲಿ ಇರಿಸಲಾಯಿತು. ಮುಂದಿನ ವಿವಾದವೆಲ್ಲ ಈ ಬದಲಾವಣೆಯ ಸುತ್ತಲೇ ಸುತ್ತಿತು. 1940ರ ಮೇ ತಿಂಗಳಲ್ಲಿ, ಫ್ರಾನ್ಸ್ ಕುಸಿಯುತ್ತಿದ್ದ ಭೀತಿಯ ದಿನಗಳಲ್ಲಿ, ಗೃಹಸಚಿವ ಜಾನ್ ಆಂಡರ್ಸನ್ ಅನೇಕರನ್ನು ಸೆರೆಗೆ ದೂಡಿದರು. ಅವರಲ್ಲೊಬ್ಬನಾದ ರಾಬರ್ಟ್ ಲಿವರ್ಸಿಡ್ಜ್ ತನ್ನ ಬಂಧನ ಅಕ್ರಮವೆಂದು ದಾವೆ ಹೂಡಿ, ಸಚಿವನ ನಂಬಿಕೆಗೆ ಇದ್ದ ಕಾರಣಗಳನ್ನು ತಿಳಿಸಬೇಕೆಂದು ಕೇಳಿದನು. ಅವನು ಕೇಳಿದ್ದು ಬಿಡುಗಡೆಯನ್ನಲ್ಲ, ವಿವರವನ್ನು ಮಾತ್ರ ಎಂಬುದನ್ನು ಇಲ್ಲಿ ಮರೆಯಬಾರದು.

1941ರ ನವೆಂಬರ್ 3ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು, ಸಚಿವನು ಪ್ರಾಮಾಣಿಕವಾಗಿ ನಂಬಿದ್ದರೆ ಸಾಕು, ಕಾರಣಗಳ ಪರಿಶೀಲನೆ ನ್ಯಾಯಾಲಯದ ಕೆಲಸವಲ್ಲ ಎಂದು ನಿರ್ಣಯಿಸಿದರು. ಅಟ್ಕಿನ್ ಒಬ್ಬರೇ ಭಿನ್ನಮತ ತಾಳಿದರು. ಅವರ ವಾದ ಮೂಲತಃ ಶಬ್ದಾರ್ಥಮೀಮಾಂಸೆಯದು. ಕಾರಣವಿದೆ ಎಂಬುದೂ ಕಾರಣವಿದೆಯೆಂದು ಒಬ್ಬನು ಭಾವಿಸುತ್ತಾನೆ ಎಂಬುದೂ ಒಂದೇ ಅಲ್ಲ. ಮೊದಲನೆಯದು ಅನ್ಯರು ಪರಿಶೀಲಿಸಬಹುದಾದ ಸಂಗತಿ. ಪದಕ್ಕೆ ತನಗಿಷ್ಟ ಬಂದ ಅರ್ಥವನ್ನು ಹೊರಿಸುವ ಲೂಯಿಸ್ ಕ್ಯಾರೊಲ್‌ನ ಹಂಪ್ಟಿ ಡಂಪ್ಟಿಯನ್ನು ಅವರು ಇಲ್ಲಿ ನೆನೆದರು. ತೀರ್ಪು ಪ್ರಕಟವಾಗುವ ಮುನ್ನ ಲಾರ್ಡ್ ಚಾನ್ಸಲರ್ ಸೈಮನ್ ಆ ಉಲ್ಲೇಖವನ್ನು ಕೈಬಿಡುವಂತೆ ಪತ್ರ ಬರೆದರೂ ಅವರು ಒಪ್ಪಲಿಲ್ಲ. ಸಹನ್ಯಾಯಮೂರ್ತಿ ಮಾಮ್ ಪತ್ರಿಕೆಯಲ್ಲಿಯೇ ಬಹಿರಂಗವಾಗಿ ಅವರನ್ನು ಆಕ್ಷೇಪಿಸಿದುದು ಆ ಪೀಠದ ಸಂಪ್ರದಾಯದಲ್ಲಿ ತೀರ ಅಪರೂಪದ ಘಟನೆ.

ಅಟ್ಕಿನ್ ಬಂಧನಾಧಿಕಾರವನ್ನೇ ನಿರಾಕರಿಸಿದರೆಂದು ತಿಳಿಯುವುದು ತಪ್ಪಾಗುತ್ತದೆ. ಅದೇ ದಿನದ ಗ್ರೀನ್ ಪ್ರಕರಣದಲ್ಲಿ ಗೃಹಸಚಿವರು ಪ್ರಮಾಣಪತ್ರ ಸಲ್ಲಿಸಿದ್ದುದರಿಂದ, ಬಂಧಿತನ ಮೇಲ್ಮನವಿಯನ್ನು ತಿರಸ್ಕರಿಸುವುದಕ್ಕೆ ಅವರೂ ಸಮ್ಮತಿಸಿದರು. ಅವರನ್ನು ಬಂಡಾಯಗಾರರಂತೆ ಚಿತ್ರಿಸುವವರು ಈ ಅಂಶವನ್ನು ಗಮನಿಸಿದಂತಿಲ್ಲ.

1944ರ ಜೂನ್‌ನಲ್ಲಿ ಅಟ್ಕಿನ್ ವೇಲ್ಸ್‌ನ ಅಬರ್ಡೋವಿಯಲ್ಲಿ ನಿಧನರಾದರು. ಯುದ್ಧ ಇನ್ನೂ ಮುಗಿದಿರಲಿಲ್ಲ. 1980ರ ರಾಸ್‌ಮಿನ್‌ಸ್ಟರ್ ಪ್ರಕರಣದಲ್ಲಿ ಲಾರ್ಡ್ ಡಿಪ್ಲಾಕ್, 1941ರ ಬಹುಮತ ತಪ್ಪಾಗಿತ್ತೆಂದು ಒಪ್ಪಿಕೊಂಡರು. ಅದಕ್ಕೆ ಮೊದಲೇ ಆ ಬಹುಮತ ಭಾರತಕ್ಕೆ ಬಂದಿತ್ತು. 1971ರ ಯುದ್ಧಕಾಲದ ತುರ್ತು ಪರಿಸ್ಥಿತಿ ಇನ್ನೂ ಊರ್ಜಿತದಲ್ಲಿದ್ದಾಗಲೇ 1975ರಲ್ಲಿ ಇನ್ನೊಂದನ್ನು ಘೋಷಿಸಲಾಯಿತು. ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಕರ್ನಾಟಕ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಇಂತಹ ಅರ್ಜಿಗಳನ್ನು ವಿಚಾರಿಸಬಹುದೆಂದು ಕರ್ನಾಟಕವೂ ಸೇರಿದಂತೆ ಹಲವು ಉಚ್ಚ ನ್ಯಾಯಾಲಯಗಳು ಹೇಳಿದ್ದನ್ನು 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಬಹುಮತ ತಳ್ಳಿಹಾಕಿತು. ಲಿವರ್ಸಿಡ್ಜ್ ನಿರ್ಣಯವೂ ಅಲ್ಲಿ ಆಧಾರವಾಗಿ ಬಂದಿತು. ಅಲ್ಲಿಯೂ ಐವರಲ್ಲಿ ಒಬ್ಬರೇ, ಎಚ್. ಆರ್. ಖನ್ನಾ, ಭಿನ್ನಮತ ಬರೆದರು. 1977ರ ಜನವರಿಯಲ್ಲಿ ಅವರನ್ನು ಬಿಟ್ಟು ಕಿರಿಯರಾದ ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಸರ್ವೋಚ್ಚ ನ್ಯಾಯಾಲಯವು 1976ರ ಆ ತೀರ್ಪನ್ನು ರದ್ದುಗೊಳಿಸಿದ್ದು 2017ರಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಸಲ್ಲಿಸಿದ್ದ ಖಾಸಗಿತನದ ಅರ್ಜಿಯಲ್ಲಿ.