ಭೋಜದ ಸಾತಗೌಡರ ಮೂರು ವರ್ಷದ ವ್ರತ

ಪುಣೆಯಿಂದ ಊರಿಗೆ ಹೊರಟ ನಮ್ಮವರಿಗೆ ನಿಪ್ಪಾಣಿ ಬಂದರೆ ಮನೆಯೇ ಬಂದಂತೆ. ಅಲ್ಲಿಗೆ ಸಮೀಪದಲ್ಲಿ, ದೂಧಗಂಗಾ-ವೇದಗಂಗೆಯರು ಕೂಡುವಲ್ಲಿ ಭೋಜವೆಂಬ ಗ್ರಾಮವಿದೆ. ಆಚಾರ್ಯ ಶಾಂತಿಸಾಗರರು ಆ ಊರಿನ ಪಾಟೀಲ ಮನೆತನದವರು. 1872ರಲ್ಲಿ ತಾಯಿಯ ತವರಿನಲ್ಲಿ ಜನಿಸಿದ ಅವರಿಗೆ ಸಾತಗೌಡನೆಂದು ಹೆಸರಿಟ್ಟರು. ಬಾಲ್ಯದಲ್ಲಿಯೇ ವಿವಾಹವಾಯಿತು, ಮಡದಿ ಕೆಲವೇ ತಿಂಗಳಲ್ಲಿ ತೀರಿಕೊಂಡಳು. ಅವರು ಪುನಃ ಮದುವೆಯಾಗಲಿಲ್ಲ. 1920ರಲ್ಲಿ ಯರನಾಳದಲ್ಲಿ ದಿಗಂಬರ ದೀಕ್ಷೆ ಪಡೆದು, 1924ರಲ್ಲಿ ಸಮಡೋಳಿಯಲ್ಲಿ ಆಚಾರ್ಯರಾದರು. ನಗ್ನಮುನಿಗಳ ವಿಹಾರವನ್ನೇ ಮರೆತಿದ್ದ ಉತ್ತರ ಹಿಂದೂಸ್ಥಾನದಲ್ಲಿ ದಿಲ್ಲಿಯವರೆಗೂ ಕಾಲ್ನಡೆಯಿಂದ ಸಂಚರಿಸಿದರು.

ಜೈನರು ಹಿಂದೂಗಳೋ, ಬೇರೆ ಧರ್ಮದವರೋ? ನ್ಯಾಯಾಲಯಗಳಿಗೆ ಇದು ಹಳೆಯ ತೊಡಕು. ವಿಶೇಷ ರೂಢಿಯನ್ನು ಸಾಬೀತುಪಡಿಸದಿದ್ದರೆ ಜೈನರಿಗೂ ಹಿಂದೂ ಕಾನೂನೇ ಎಂಬುದು ಬ್ರಿಟಿಷರ ಕಾಲದ ಪದ್ಧತಿ. ಜೈನ ವಿಧವೆ ಗಂಡನ ಅಪ್ಪಣೆಯಿಲ್ಲದೆ ದತ್ತಕ ತೆಗೆದುಕೊಳ್ಳಬಹುದೆಂಬ ರೂಢಿಯನ್ನು 1878ರಷ್ಟು ಹಿಂದೆಯೇ ಪ್ರಿವಿ ಕೌನ್ಸಿಲ್ ಮನ್ನಿಸಿತ್ತು. ಆಸ್ತಿಯ ಮಾತು ಹೀಗಿರಲು, ಮುಂಬಯಿ ಸರಕಾರದ 1947ರ ಹರಿಜನ ದೇವಾಲಯ ಪ್ರವೇಶ ಕಾನೂನಿನಿಂದ ವಿವಾದವು ಬಸದಿಯ ಹೊಸ್ತಿಲಿಗೇ ಬಂದಿತು. ಹಿಂದೂಗಳೆಂಬ ಪದದಲ್ಲಿ ಜೈನರನ್ನೂ ಸೇರಿಸಲಾಗಿತ್ತು. ತಮ್ಮ ಧರ್ಮ ಸ್ವತಂತ್ರವೆಂದು ಆಚಾರ್ಯರು 1948ರಲ್ಲಿ ಧಾನ್ಯಾಹಾರವನ್ನು ತ್ಯಜಿಸಿದರು. ಆಗ ಅವರಿಗೆ ಎಪ್ಪತ್ತಾರು ವರ್ಷ.

ತುಕಾರಾಮರ ಪಾಲಖಿ ಇಲ್ಲಿಂದ ಪಂಢರಪುರಕ್ಕೆ ಸಾಗುವಾಗ ತಂಗುವ ಅಕಲೂಜ್ ನಮ್ಮ ಓದುಗರಿಗೆ ಪರಿಚಿತ. ಅಲ್ಲಿಯ ಜೈನ ಮಂದಿರದ ಪ್ರಕರಣ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಹೋಯಿತು. 1951ರ ಜುಲೈಯಲ್ಲಿ ಛಾಗಲಾ ಹಾಗೂ ಗಜೇಂದ್ರಗಡಕರರ ಪೀಠವು, ಹಿಂದೂ ಕಾನೂನಿಗೆ ಒಳಪಟ್ಟರೂ ಜೈನಧರ್ಮ ಪ್ರತ್ಯೇಕವೆಂದೂ, ಹಿಂದೂಗಳಿಗೆ ರೂಢಿಯಿಂದ ಹಕ್ಕಿಲ್ಲದ ಜೈನ ಮಂದಿರದಲ್ಲಿ ಈ ಕಾನೂನಿನಿಂದ ಹರಿಜನರಿಗೂ ಹಕ್ಕು ಬಾರದೆಂದೂ ತೀರ್ಮಾನಿಸಿತು. ಸುಮಾರು ಮೂರು ವರ್ಷಗಳ ತರುವಾಯ ಆಚಾರ್ಯರು ಧಾನ್ಯ ಸ್ವೀಕರಿಸಿದರು.

ಅವರ ದೃಢತೆಗೆ ನಾವು ತಲೆಬಾಗುತ್ತೇವೆ. ಆದರೆ ಆ ತೀರ್ಪಿನ ದಿನ ಬಾಗಿಲ ಹೊರಗೇ ಉಳಿದವರನ್ನು ಮರೆಯಲಾರೆವು. ಜಾತಿಗೊಂದು ಪಂಕ್ತಿ, ಜಾತಿಗೊಂದು ಲೋಟ ಎಂಬ ಏರ್ಪಾಟು ಒಂದು ಕಾಲದಲ್ಲಿ ನಮ್ಮ ಹೋಟೆಲುಗಳಲ್ಲಿಯೂ ಇತ್ತಷ್ಟೆ! ಧರ್ಮ ಬೇರೆಯೆಂಬುದು ಒಂದು ಪ್ರಶ್ನೆ, ಮನುಷ್ಯನನ್ನು ಹೊರಗಿಡುವುದು ಇನ್ನೊಂದು. ಅಂದು ಎರಡೂ ಒಂದೇ ಗಂಟಿನಲ್ಲಿ ಸಿಕ್ಕಿಕೊಂಡವು. 1955ರ ಅಸ್ಪೃಶ್ಯತಾ ಅಪರಾಧಗಳ ಕಾನೂನು ದೇವಾಲಯ ಪ್ರವೇಶದ ಮಟ್ಟಿಗೆ ಜೈನರನ್ನು ಮತ್ತೆ ಹಿಂದೂಗಳೊಡನೆ ಎಣಿಸಿತು.

ಅದೇ ವರ್ಷ, ದೃಷ್ಟಿ ಮಂದವಾದ ಆಚಾರ್ಯರು ಕುಂಥಲಗಿರಿಯಲ್ಲಿ ಸಲ್ಲೇಖನ ಕೈಗೊಂಡು, ಸೆಪ್ಟೆಂಬರ್ 18ರಂದು ದೇಹವಿಟ್ಟರು. ಜೈನರಿಗೆ ರಾಷ್ಟ್ರೀಯ ಅಲ್ಪಸಂಖ್ಯಾತ ಸ್ಥಾನ ದೊರೆತದ್ದು 2014ರಲ್ಲಿ. ಆಸ್ತಿಯ ಹಂಚಿಕೆಗಾದರೋ ಅವರಿಗೆ ಈಗಲೂ 1956ರ ಹಿಂದೂ ಉತ್ತರಾಧಿಕಾರ ಕಾನೂನೇ ಅನ್ವಯಿಸುತ್ತದೆ.