ಕಾಡು ಸೇರಿದ ಸಂತ

ನಾನು ಕಾಮರ್ಸ್ ಓದುವವ. ಲೆಡ್ಜರ್ ಬಿಟ್ಟು ಸಂತರ ಕಥೆ ಯಾಕೆ ಹಿಡಿದೆ ಅಂತ ಗೆಳೆಯರು ಕೇಳಬಹುದು. ಕಾರಣ ಒಂದು ಪಟ. ಟಿಟ್ವಾಳಾದಲ್ಲಿ ನಮ್ಮ ಪಕ್ಕದ ಮನೆಯವರು ಮಂಗಳೂರು ಕಡೆಯ ಕ್ರಿಶ್ಚಿಯನ್ನರು. ಅವರ ಗೋಡೆಯ ಮೇಲಿನ ಪಟದಲ್ಲಿ ಕೋಲು ಹಿಡಿದ ಯಾತ್ರಿಕನೊಬ್ಬ ತೊಡೆಯ ಗಾಯ ತೋರಿಸುತ್ತಾ ನಿಂತಿದ್ದಾನೆ. ಪಕ್ಕದಲ್ಲಿ ರೊಟ್ಟಿ ಕಚ್ಚಿಕೊಂಡ ನಾಯಿ. ನನಗೆ ಮೊದಲು ನೆನಪಾದದ್ದು ನಮ್ಮ ದತ್ತಾತ್ರೇಯನ ನಾಯಿಗಳು. ಇವರು ಸಂತ ರೋಕ್, ಪ್ಲೇಗಿನಿಂದ ಕಾಪಾಡುವವರು ಎಂದು ಆ ಮನೆಯ ಆಂಟಿ ಹೇಳಿದರು. ಆಮೇಲೆ ನಾನೇ ಹುಡುಕಿ ಓದಿದೆ.

ರೋಕ್ ಹದಿನಾಲ್ಕನೆಯ ಶತಮಾನದವರು. ಅವರ ಬದುಕಿನಲ್ಲಿ ಚರಿತ್ರೆಗಿಂತ ಐತಿಹ್ಯವೇ ಹೆಚ್ಚು. ಫ್ರಾನ್ಸಿನ ಮಾಂಪೆಲಿಯೆ ಪಟ್ಟಣದ ಅಧಿಕಾರಿಯ ಮಗ. ಹುಟ್ಟುವಾಗಲೇ ಎದೆಯ ಮೇಲೆ ಶಿಲುಬೆಯಂಥ ಕೆಂಪು ಮಚ್ಚೆ. ಇಪ್ಪತ್ತರ ಸುಮಾರಿಗೆ, ಅಂದರೆ ಈಗಿನ ನನ್ನ ವಯಸ್ಸಿಗೆ, ತಂದೆತಾಯಿಯನ್ನು ಕಳೆದುಕೊಂಡರು. ಆಸ್ತಿಯನ್ನು ಬಡವರಿಗೆ ಹಂಚಿ ರೋಮಿಗೆ ಯಾತ್ರೆ ಹೊರಟರು. ಇಟಲಿಯಲ್ಲಿ ಆಗ ಪ್ಲೇಗು. ಜನ ಊರು ಬಿಟ್ಟು ಓಡುತ್ತಿದ್ದರೆ ಇವರು ಊರೊಳಗೆ ನಡೆದರು. ಅಕ್ವಾಪೆಂಡೆಂಟೆ, ಚೆಸೇನಾ, ರೋಮ್, ಹೋದಲ್ಲೆಲ್ಲ ರೋಗಿಗಳ ಸೇವೆ ಮಾಡಿದರು. ಕೊನೆಗೆ ಪಿಯಾಚೆಂಜಾದಲ್ಲಿ ರೋಗ ಅವರಿಗೇ ತಗುಲಿತು. ಯಾರಿಗೂ ಭಾರವಾಗಬಾರದೆಂದು ಕಾಡು ಸೇರಿದರು. ಅಲ್ಲಿ ಒಂದು ನಾಯಿ ದಿನವೂ ತನ್ನ ಯಜಮಾನನ ಮನೆಯಿಂದ ರೊಟ್ಟಿ ತಂದುಕೊಟ್ಟು ಗಾಯ ನೆಕ್ಕುತ್ತಿತ್ತಂತೆ.

ಇಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟೆ. ನನಗೆ ನೆನಪಾದದ್ದು 2019. ಆಗ ಅಪ್ಪ ಟಿಟ್ವಾಳಾದಲ್ಲಿ, ನಾವು ಸಾಗರ ತಾಲೂಕಿನ ಹಳ್ಳಿಯಲ್ಲಿ. ನಾನು ಅಲ್ಲೇ ಕನ್ನಡ ಶಾಲೆಯಲ್ಲಿ ಓದುತ್ತಿದ್ದೆ. ಆ ವರ್ಷ ಮಂಗನ ಕಾಯಿಲೆ ಜೋರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಜ್ವರ ಅದು. ಹರಡುವುದು ಉಣುಗಿನಿಂದ. ದರಗು ತರಲು ಕಾಡಿಗೆ ಹೋಗಿದ್ದ ಚಿಕ್ಕಪ್ಪ ಜ್ವರ ಬಂದು ಮಲಗಿದರು. ನೆರೆಯವರು ಅಂಗಳಕ್ಕೂ ಕಾಲಿಡಲಿಲ್ಲ. ಅವರನ್ನು ಯಾಕೆ ದೂರಲಿ? ಗಂಜಿ ಕೊಟ್ಟು ಬಾ ಅಂತ ಅಮ್ಮ ಕಳಿಸಿದರೆ ನಾನೇ ಬಟ್ಟಲನ್ನು ಹೊಸ್ತಿಲಲ್ಲಿಟ್ಟು ಓಡಿಬಂದೆ. ಚಿಕ್ಕಪ್ಪ ತೆವಳಿಕೊಂಡು ಬಂದು ತೆಗೆದುಕೊಂಡರು. ಈ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ ಅಂತ ನನಗೆ ಗೊತ್ತಾದದ್ದು ಆಮೇಲೆ. ಚಿಕ್ಕಪ್ಪ ಗುಣವಾದರು. ಆ ಮಾತು ಇವತ್ತಿಗೂ ಎತ್ತಿಲ್ಲ.

ರೋಕ್ ಕೂಡ ಗುಣವಾದರು. ಆದರೆ ಅವರನ್ನು ಗೂಢಚಾರನೆಂದು ಹಿಡಿದು ಜೈಲಿಗೆ ಹಾಕಿದರು. ಅವರು ತಾನು ಯಾರೆಂದು ಹೇಳಿಕೊಳ್ಳಲೇ ಇಲ್ಲ. ಐದು ವರ್ಷದ ಮೇಲೆ ಅಲ್ಲೇ ತೀರಿಕೊಂಡಾಗ ಎದೆಯ ಮಚ್ಚೆ ನೋಡಿ ಗುರುತು ಹಿಡಿದರಂತೆ. ಮುಂದೆ ವೆನಿಸ್‌ನಲ್ಲಿ 1478ರಲ್ಲಿ ಅವರ ಹೆಸರಿನ ಸಂಘವೇ ಹುಟ್ಟಿತು.

ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಬರುತ್ತದೆಂದು ಪಾಲ್ ಲೂಯಿ ಸೀಮೋಂ ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ. ಅದೇ ವರ್ಷ ಬೆಂಗಳೂರಿಗೂ ಪ್ಲೇಗು ಬಂತು, ನಮ್ಮ ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ರೋಕ್‌ಗೆ ಚಿಗಟದ ವಿಷಯ ಗೊತ್ತಿರಲಿಲ್ಲ, ಮುಟ್ಟಿದರೆ ಸಾಯಬಹುದು ಎಂಬುದಷ್ಟೇ ಗೊತ್ತಿತ್ತು. ಆದರೂ ಮುಟ್ಟಿದರು. ನಾನು ಮುಟ್ಟಿದ್ದರೆ ಏನೂ ಆಗುತ್ತಿರಲಿಲ್ಲ.

ಆಗಸ್ಟ್ 16 ರೋಕ್ ಅವರ ಹಬ್ಬ. ಈ ಸಲ ಆಂಟಿಯ ಮನೆಗೆ ಹೋಗಿ ನಾನೂ ಒಂದು ಮೇಣದಬತ್ತಿ ಹಚ್ಚಿದೆ. ದೀಪಾವಳಿ ರಜೆಗೆ ಊರಿಗೆ ಹೊರಟಿದ್ದೇನೆ. ಆ ಗಂಜಿಯ ವಿಷಯ ಚಿಕ್ಕಪ್ಪನ ಹತ್ತಿರ ನಾನೇ ಎತ್ತಬೇಕು.