ಎದುವಾರ್ ಲೂಕಾ ಮತ್ತು ಮೂವತ್ತೊಂಬತ್ತು ಅಂಕಿಗಳ ಸಂಖ್ಯೆ

ಗಣಕ ವಿಜ್ಞಾನದ ತರಗತಿಯಲ್ಲಿ ‘ಹನೋಯ್ ಗೋಪುರ’ದ ಲೆಕ್ಕವನ್ನು ಬಿಡಿಸಿದ್ದ ನನಗೆ, ಅದನ್ನು ರೂಪಿಸಿದವನ ಹೆಸರು ತಿಳಿದದ್ದು ಬಹಳ ವರ್ಷಗಳ ಅನಂತರ, ಅವಿಭಾಜ್ಯ ಸಂಖ್ಯೆಗಳ ಚರಿತ್ರೆಯನ್ನು ಓದುವಾಗ. ಆತನೇ ಫ್ರಾನ್ಸಿನ ಗಣಿತಜ್ಞ ಎದುವಾರ್ ಲೂಕಾ.

ಲೂಕಾ 1842ರ ಏಪ್ರಿಲ್ 4ರಂದು ಅಮಿಯಾಂ ನಗರದಲ್ಲಿ ಜನಿಸಿದ. ಪ್ಯಾರಿಸ್ ವೀಕ್ಷಣಾಲಯದಲ್ಲಿ ಕೆಲಕಾಲ ದುಡಿದು, 1870ರಲ್ಲಿ ಪ್ರಷ್ಯದೊಡನೆ ಯುದ್ಧ ನಡೆದಾಗ ಫಿರಂಗಿ ದಳದ ಅಧಿಕಾರಿಯಾದ. ಮುಂದೆ ಮೂಲಾಂ ಮತ್ತು ಪ್ಯಾರಿಸ್‌ಗಳಲ್ಲಿ ಶಾಲಾ ಉಪಾಧ್ಯಾಯನಾಗಿಯೇ ಬಾಳಿದ.

1644ರಲ್ಲಿ ಮರ್ಸೆನ್ ಎಂಬ ಪಾದ್ರಿ, 2ರ 67ನೇ ಮತ್ತು 127ನೇ ಘಾತಗಳಿಂದ 1 ಕಳೆದರೆ ಬರುವ ಸಂಖ್ಯೆಗಳೆರಡೂ ಅವಿಭಾಜ್ಯವೆಂದು ಹೇಳಿದ್ದ, ಸಾಧನೆಯನ್ನು ಕೊಟ್ಟಿರಲಿಲ್ಲ. ಎರಡನೆಯದು 170141183460469231731687303715884105727. ಇದರ ವರ್ಗಮೂಲವೇ 20 ಅಂಕಿಗಳಷ್ಟು ದೊಡ್ಡದು. ಒಂದೊಂದಾಗಿ ಭಾಗಿಸಿ ನೋಡಲು ಮನುಷ್ಯನ ಆಯುಷ್ಯ ಸಾಲದು.

ಲೂಕಾ ಭಾಜಕಗಳನ್ನು ಹುಡುಕಲೇ ಇಲ್ಲ. ಆತನ ವಿಧಾನವನ್ನು 127 ಎಂಬ ಪುಟ್ಟ ಸಂಖ್ಯೆಯ ಮೇಲೆ ನಾನು ಕಾಗದದಲ್ಲಿ ಮಾಡಿ ನೋಡಿದೆ. ಇದು 2ರ 7ನೇ ಘಾತಕ್ಕಿಂತ ಒಂದು ಕಡಿಮೆ. 3ರಿಂದ ಆರಂಭಿಸಿ, ಪ್ರತಿ ಸಲವೂ ವರ್ಗ ಮಾಡಿ, 2 ಕಳೆದು, 127ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ಬರೆಯಬೇಕು: 3, 7, 47, 48, 16, 0. ಆರನೆಯ ಪದ ಸೊನ್ನೆಯಾದ್ದರಿಂದ 127 ಅವಿಭಾಜ್ಯ. ಘಾತಾಂಕವು ಅವಿಭಾಜ್ಯವಾಗಿದ್ದು, 4ರಿಂದ ಭಾಗಿಸಿದಾಗ 3 ಉಳಿಯುವಲ್ಲೆಲ್ಲ ಈ ಪರೀಕ್ಷೆ ಸಲ್ಲುತ್ತದೆ. ಆ ಮಹಾಸಂಖ್ಯೆಗೆ 126ನೆಯ ಪದದವರೆಗೆ ಹೋಗಬೇಕು. 1876ರಲ್ಲಿ, ಯಂತ್ರದ ನೆರವಿಲ್ಲದೆ, ಅದು ಅವಿಭಾಜ್ಯವೆಂದು ಲೂಕಾ ಸಾರಿದ.

ಅದೇ ವರ್ಷ 67ರ ವಿಷಯದಲ್ಲಿ ಮರ್ಸೆನ್ ತಪ್ಪಿದ್ದನೆಂದೂ ಆತ ತೋರಿಸಿದ. ವಿಚಿತ್ರವೆಂದರೆ, ಆ ಸಂಖ್ಯೆ ಒಡೆಯುತ್ತದೆಂದು ತಿಳಿಯಿತೇ ಹೊರತು ಎಲ್ಲಿ ಒಡೆಯುತ್ತದೆಂದು ತಿಳಿಯಲಿಲ್ಲ. 193707721 ಮತ್ತು 761838257287 ಎಂಬ ಅಪವರ್ತನಗಳನ್ನು ಅಮೆರಿಕದ ಕೋಲ್ 1903ರಲ್ಲಿ ಪ್ರಕಟಿಸಿದ. ಅದನ್ನು ನೋಡಲು ಲೂಕಾ ಇರಲಿಲ್ಲ.

ಹನೋಯ್ ಗೋಪುರವನ್ನು ಲೂಕಾ 1883ರಲ್ಲಿ, ತನ್ನ ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿದ ಗುಪ್ತನಾಮದಲ್ಲಿ ಹೊರತಂದ. ಕಾಶಿಯ ಗುಡಿಯೊಂದರಲ್ಲಿ 64 ಚಿನ್ನದ ಬಿಲ್ಲೆಗಳನ್ನು ಅರ್ಚಕರು ಸಾಗಿಸುತ್ತಿದ್ದಾರೆಂಬ ಕಟ್ಟುಕಥೆ ಅದರೊಡನೆ ಹಬ್ಬಿತು. ಅದಕ್ಕೆ ಬೇಕಾದ ನಡೆಗಳು 18446744073709551615. ಇದೂ 2ರ ಘಾತಕ್ಕಿಂತ ಒಂದು ಕಡಿಮೆ, ಆದರೆ 3ರಿಂದಲೇ ನಿಶ್ಶೇಷವಾಗಿ ಭಾಗವಾಗುತ್ತದೆ.

1891ರಲ್ಲಿ ಮಾರ್ಸೇಲ್ಸ್ ನಗರದ ವಿಜ್ಞಾನ ಸಮ್ಮೇಳನದ ಔತಣದಲ್ಲಿ ತಟ್ಟೆಯೊಂದು ಬಿದ್ದು ಒಡೆದು, ಅದರ ಚೂರು ಲೂಕಾನ ಕೆನ್ನೆಯನ್ನು ಗಾಯಗೊಳಿಸಿತು. ಗಾಯಕ್ಕೆ ಸೋಂಕು ತಗುಲಿ, ಅಕ್ಟೋಬರ್ 3ರಂದು ಆತ ತೀರಿಕೊಂಡ, ವಯಸ್ಸು 49.

ತಿಳಿದಿರುವ ಅವಿಭಾಜ್ಯಗಳಲ್ಲಿ ಆತನ ಸಂಖ್ಯೆ 1951ರವರೆಗೆ, 75 ವರ್ಷ, ಅತಿ ದೊಡ್ಡದಾಗಿ ಉಳಿಯಿತು. ಲೆಹ್ಮರ್ ತಿದ್ದಿ ಸರಳಗೊಳಿಸಿದ ಆ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. 2024ರ ಅಕ್ಟೋಬರಿನಲ್ಲಿ ಬೆಳಕಿಗೆ ಬಂದ, 41024320 ಅಂಕಿಗಳ ಅವಿಭಾಜ್ಯವನ್ನು ದೃಢಪಡಿಸಿದ್ದೂ ಅದರಿಂದಲೇ.